ಆಕ್ಸೆಸ್ ವರದಿಯಲ್ಲಿ ಕ್ರಮ ಸಂಖ್ಯೆ 420ರಿಂದ ಶುರುವಾಗುತ್ತಿದೆ, ಪುಟ ಬದಲಾದಾಗ ಒಂದು ಸಂಖ್ಯೆ ಹಾರಿಹೋಗುತ್ತಿದೆ

ಲೆಕ್ಕದ ಮೇಜು

ಎಲ್ಲರಿಗೂ ನಮಸ್ಕಾರ. ನಾನು ಒಂದು ಗ್ರಾಮೀಣ ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸದಸ್ಯರ ಮಾಹಿತಿಯೆಲ್ಲ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ. 412 ಸದಸ್ಯರು, ಒಂಬತ್ತು ಹಳ್ಳಿಗಳು. ಮಹಾಸಭೆಗೆ ಮುನ್ನ ಸದಸ್ಯರ ಪಟ್ಟಿಯನ್ನು ಮುದ್ರಿಸಿ ಸೂಚನಾ ಫಲಕದಲ್ಲಿ ಹಾಕಬೇಕು. ವರದಿಯನ್ನು ನನಗಿಂತ ಮೊದಲು ಇದ್ದವರು ತಯಾರಿಸಿಟ್ಟು ಹೋಗಿದ್ದಾರೆ.

ತೊಂದರೆ ಇರುವುದು ಎಡತುದಿಯ ‘ಕ್ರ.ಸಂ.’ ಅಂಕಣದಲ್ಲಿ. ಪ್ರಿಂಟ್ ಪ್ರಿವ್ಯೂ ತೆರೆದರೆ ಮೊದಲ ಸದಸ್ಯರ ಮುಂದೆ 1 ಇರಬೇಕಾದಲ್ಲಿ 420 ಎಂದು ಬರುತ್ತದೆ. ಒಂದೊಂದೇ ಪುಟ ಮುಂದೆ ಸರಿಸುತ್ತ ಹೋದರೆ ಕೊನೆಯ ಸದಸ್ಯರ ಮುಂದೆ 838. ನಡುವೆ ಏಳು ಕಡೆ ಒಂದೊಂದು ಸಂಖ್ಯೆ ಇಲ್ಲವೇ ಇಲ್ಲ, ಮತ್ತು ಅದು ಯಾವಾಗಲೂ ಹೊಸ ಪುಟದ ಮೊದಲ ಸಾಲಿನಲ್ಲೇ ಆಗುತ್ತದೆ. ಹಿಂದಿನ ಪುಟಕ್ಕೆ ಮರಳಿದರೆ ಮೊದಲು ಕಂಡ ಸಂಖ್ಯೆಗಳು ಇರುವುದಿಲ್ಲ, ಇನ್ನೂ ದೊಡ್ಡವು ಬಂದಿರುತ್ತವೆ. ವರದಿಯ ಹೆಸರಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ತೆರೆದರಂತೂ ಆ ಅಂಕಣ ಪೂರ್ತಿ ಖಾಲಿ.

ಸದಸ್ಯರ ಹೆಸರು, ಷೇರು ಮೊತ್ತ ಎಲ್ಲವೂ ಸರಿಯಾಗಿವೆ. ಆದರೆ 412 ಜನರ ಪಟ್ಟಿಯಲ್ಲಿ ಕೊನೆಯ ಸಂಖ್ಯೆ 838 ಎಂದಿದ್ದರೆ ಫಲಕದ ಮುಂದೆ ನಿಂತು ಓದುವ ಸದಸ್ಯರು ನಮ್ಮ ಲೆಕ್ಕದ ಮೇಲೆ ಯಾವ ನಂಬಿಕೆ ಇಡುತ್ತಾರೆ? ದಯವಿಟ್ಟು ದಾರಿ ತೋರಿಸಿ.

ತಂತ್ರಾಂಶ ಮೇಷ್ಟ್ರು

ಲಕ್ಷಣಗಳನ್ನು ಇಷ್ಟು ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು. ಮೂರು ಪ್ರಶ್ನೆ ಕೇಳುತ್ತೇನೆ. ಪುಟದ ಅಡಿಯಲ್ಲಿ ‘ಪುಟ 1, ಒಟ್ಟು 12’ ಎನ್ನುವ ರೀತಿಯಲ್ಲಿ ಒಟ್ಟು ಪುಟಗಳ ಸಂಖ್ಯೆ ಬರುತ್ತದೆಯೇ? ಡೀಟೇಲ್ ಭಾಗದ (ಪ್ರತಿ ಸದಸ್ಯರಿಗೆ ಒಂದು ಸಾಲು ಮುದ್ರಿಸುವ ಭಾಗ) ಪ್ರಾಪರ್ಟಿ ಹಾಳೆಯಲ್ಲಿ ‘ಕೀಪ್ ಟುಗೆದರ್’ ಎಂಬುದಕ್ಕೆ ‘ಯೆಸ್’ ಇದೆಯೇ? ಅದೇ ಭಾಗದ ‘ಆನ್ ಫಾರ್ಮ್ಯಾಟ್’ ಎದುರು ‘ಈವೆಂಟ್ ಪ್ರೊಸೀಜರ್’ ಎಂದು ಬರೆದಿದೆಯೇ? ಇದ್ದರೆ ಅದರೊಳಗೆ ಏನಿದೆ ನೋಡಿ ತಿಳಿಸಿ.

ಲೆಕ್ಕದ ಮೇಜು

ಮೂರಕ್ಕೂ ಹೌದು, ಸರ್. ಪುಟದ ಅಡಿಯಲ್ಲಿ ಒಟ್ಟು ಪುಟಗಳ ಸಂಖ್ಯೆ ಇದೆ. ಕೀಪ್ ಟುಗೆದರ್ ‘ಯೆಸ್’ ಇದೆ. ಆನ್ ಫಾರ್ಮ್ಯಾಟ್ ಒಳಗೆ ಎರಡೇ ಸಾಲು: ಎಣಿಕೆ ಎಂಬ ವೇರಿಯಬಲ್‌ಗೆ ಒಂದು ಕೂಡಿಸು, ಅದನ್ನು ಕ್ರಮ ಸಂಖ್ಯೆಯ ಟೆಕ್ಸ್ಟ್ ಬಾಕ್ಸ್‌ಗೆ ಹಾಕು. ಎಣಿಕೆಯನ್ನು ಮತ್ತೆ ಸೊನ್ನೆ ಮಾಡುವ ಸಾಲು ಎಲ್ಲೂ ಕಾಣಲಿಲ್ಲ.

ತಂತ್ರಾಂಶ ಮೇಷ್ಟ್ರು

ಹಾಗಾದರೆ ರೋಗ ಗೊತ್ತಾಯಿತು. ನಿಮ್ಮ ಸಂಖ್ಯೆಗಳೇ ಸಾಕ್ಷಿ ಹೇಳುತ್ತಿವೆ.

838ನ್ನು ಎರಡರಿಂದ ಭಾಗಿಸಿ: 419. ಅದರಲ್ಲಿ 412 ಕಳೆಯಿರಿ: 7. ನೀವು ಹೇಳಿದ ‘ಏಳು ಕಡೆ’ ಇದೇ.

ಆನ್ ಫಾರ್ಮ್ಯಾಟ್ ಎಂಬ ಘಟನೆ ‘ಒಬ್ಬ ಸದಸ್ಯರಿಗೆ ಒಂದು ಸಲ’ ನಡೆಯುವಂಥದ್ದು ಎಂದು ಆ ಕೋಡ್ ಬರೆದವರು ಭಾವಿಸಿದ್ದಾರೆ. ಅದು ಹಾಗಲ್ಲ. ಒಂದು ಸಾಲನ್ನು ಪುಟದ ಮೇಲೆ ಎಲ್ಲಿ ಇಡಬೇಕು ಎಂದು ಆಕ್ಸೆಸ್ ಲೆಕ್ಕ ಹಾಕುವಾಗಲೆಲ್ಲ ಅದು ನಡೆಯುತ್ತದೆ. ಪುಟದ ಕೊನೆಯಲ್ಲಿ ಜಾಗ ಸಾಲದೆ ಹೋದಾಗ, ಕೀಪ್ ಟುಗೆದರ್ ಇರುವುದರಿಂದ, ಆ ಸಾಲನ್ನು ಅಲ್ಲಿಂದ ತೆಗೆದು ಮುಂದಿನ ಪುಟದಲ್ಲಿ ಹೊಸದಾಗಿ ಜೋಡಿಸುತ್ತದೆ. ಅಂದರೆ ಅದೇ ಸದಸ್ಯರಿಗೆ ಫಾರ್ಮ್ಯಾಟ್ ಎರಡು ಸಲ ನಡೆಯಿತು, ಎಣಿಕೆ ಎರಡು ಸಲ ಏರಿತು. ಹೊಸ ಪುಟದ ಮೊದಲ ಸಾಲಿನಲ್ಲಿ ಸಂಖ್ಯೆ ಹಾರಲು ಇದೇ ಕಾರಣ. ಪುಟ ಸರಿಯಾಗಿ ತುಂಬಿದ ಕಡೆ ಹಾರಿಲ್ಲ.

ಇನ್ನು 420ರ ವಿಷಯ. ‘ಒಟ್ಟು 12 ಪುಟ’ ಎಂದು ಮೊದಲ ಪುಟದಲ್ಲೇ ಬರೆಯಬೇಕಾದರೆ ಆಕ್ಸೆಸ್ ಇಡೀ ವರದಿಯನ್ನು ಒಮ್ಮೆ ಕೊನೆಯವರೆಗೆ ಜೋಡಿಸಿ ನೋಡಲೇಬೇಕು. ಆ ಮೊದಲ ಸುತ್ತಿನಲ್ಲಿ ಎಣಿಕೆ 412 ಮತ್ತು 7 ಸೇರಿ 419ಕ್ಕೆ ಹೋಗಿ ನಿಂತಿತು. ಯಾರೂ ಅದನ್ನು ಸೊನ್ನೆ ಮಾಡಲಿಲ್ಲ. ಎರಡನೆಯ ಸುತ್ತಿನಲ್ಲಿ ನಿಮ್ಮ ಕಣ್ಣಿಗೆ ಬಿದ್ದ ಮೊದಲ ಸಾಲು 420, ಕೊನೆಯದು 838. ಹಿಂದಿನ ಪುಟಕ್ಕೆ ಹೋದರೆ ಆ ಪುಟವನ್ನು ಮತ್ತೆ ಜೋಡಿಸುತ್ತದೆ, ಎಣಿಕೆ ಮತ್ತೆ ಏರುತ್ತದೆ. ಎರಡು ಬಾರಿ ಕ್ಲಿಕ್ ಮಾಡಿದಾಗ ತೆರೆಯುವುದು ರಿಪೋರ್ಟ್ ವ್ಯೂ. ಅಲ್ಲಿ ಫಾರ್ಮ್ಯಾಟ್ ಘಟನೆ ನಡೆಯುವುದೇ ಇಲ್ಲ, ಆದ್ದರಿಂದ ಖಾಲಿ.

ಎಣಿಕೆಯನ್ನು ವರದಿಯ ಶಿರೋಭಾಗದಲ್ಲಿ ಸೊನ್ನೆ ಮಾಡಿದರೆ 420 ಹೋಗುತ್ತದೆ, ಆದರೆ ಹಾರುವಿಕೆ ಹೋಗುವುದಿಲ್ಲ. ‘ಫಾರ್ಮ್ಯಾಟ್ ಕೌಂಟ್ (ಒಂದು ಸಾಲಿಗೆ ಫಾರ್ಮ್ಯಾಟ್ ಎಷ್ಟನೆಯ ಸಲ ನಡೆಯುತ್ತಿದೆ ಎಂಬ ಲೆಕ್ಕ) 1 ಇದ್ದಾಗ ಮಾತ್ರ ಕೂಡಿಸು’ ಎಂದು ಷರತ್ತು ಹಾಕುವವರಿದ್ದಾರೆ. ಹಿಂದೆ ಮುಂದೆ ಪುಟ ತಿರುಗಿಸಿದರೆ ಅದೂ ಕೈಕೊಡುತ್ತದೆ. ತೇಪೆ ಹಾಕುವುದೇ ಬೇಡ. ಆ ಎರಡು ಸಾಲು ಕೋಡ್ ಅಳಿಸಿಬಿಡಿ.

ಆಮೇಲೆ ಹೀಗೆ ಮಾಡಿ. ವರದಿಯನ್ನು ಡಿಸೈನ್ ವ್ಯೂನಲ್ಲಿ ತೆರೆದು ಕ್ರಮ ಸಂಖ್ಯೆಯ ಟೆಕ್ಸ್ಟ್ ಬಾಕ್ಸ್ ಆಯ್ದುಕೊಳ್ಳಿ. ಪ್ರಾಪರ್ಟಿ ಹಾಳೆಯ ‘ಡೇಟಾ’ ವಿಭಾಗದಲ್ಲಿ ‘ಕಂಟ್ರೋಲ್ ಸೋರ್ಸ್’ ಎದುರು =1 ಎಂದು ಬರೆಯಿರಿ. ಸಮ ಚಿಹ್ನೆ ಮತ್ತು ಒಂದು, ಅಷ್ಟೇ. ಅದರ ಕೆಳಗೆ ‘ರನ್ನಿಂಗ್ ಸಮ್’ ಎಂಬುದಿದೆ. ಅಲ್ಲಿ ‘ಓವರ್ ಆಲ್’ ಆರಿಸಿ. ಪ್ರತಿ ಸಾಲಿಗೂ ಒಂದು ಎಂಬ ಬೆಲೆ, ಅದರ ಬೆಳೆಯುವ ಮೊತ್ತ: 1, 2, 3 ಎಂದು ತಾನಾಗಿಯೇ ಬರುತ್ತದೆ. ಸಾಲು ಎಷ್ಟು ಸಲ ಪುಟದಿಂದ ಪುಟಕ್ಕೆ ಸರಿದರೂ ಆಕ್ಸೆಸ್ ಈ ಮೊತ್ತವನ್ನು ತಾನೇ ಸರಿಯಾಗಿ ಕಾಯ್ದುಕೊಳ್ಳುತ್ತದೆ. ರಿಪೋರ್ಟ್ ವ್ಯೂನಲ್ಲೂ ಕೆಲಸ ಮಾಡುತ್ತದೆ.

ಲೆಕ್ಕದ ಮೇಜು

ಮೇಷ್ಟ್ರೇ, 1ರಿಂದ 412ರವರೆಗೆ ನೀಟಾಗಿ ಬಂತು! ಹಿಂದೆ ಮುಂದೆ ತಿರುಗಿಸಿ ನೋಡಿದೆ, ಅಲ್ಲಾಡಲಿಲ್ಲ. ತುಂಬಾ ಉಪಕಾರವಾಯಿತು.

ಕಾರ್ಯದರ್ಶಿಗಳು ಈಗ ಇನ್ನೊಂದು ಅಂಕಣ ಕೇಳುತ್ತಿದ್ದಾರೆ: ಪ್ರತಿ ಹಳ್ಳಿಗೂ 1ರಿಂದ ಶುರುವಾಗುವ ಸಂಖ್ಯೆ. ಎರಡನೆಯ ಟೆಕ್ಸ್ಟ್ ಬಾಕ್ಸ್ ಹಾಕಿ ‘ಓವರ್ ಗ್ರೂಪ್’ ಕೊಟ್ಟೆ. ಆದರೆ ಅದೂ 412ರವರೆಗೆ ಒಂದೇ ಓಟದಲ್ಲಿ ಹೋಗುತ್ತಿದೆ. ಪಟ್ಟಿ ಹಳ್ಳಿವಾರೇ ಇದೆಯಲ್ಲ?

ತಂತ್ರಾಂಶ ಮೇಷ್ಟ್ರು

ಹಳ್ಳಿಯ ಪ್ರಕಾರ ‘ಸಾರ್ಟ್’ ಆಗಿದೆ, ‘ಗ್ರೂಪ್’ ಆಗಿಲ್ಲ. ಕೆಳಗಿನ ‘ಗ್ರೂಪ್, ಸಾರ್ಟ್ ಆ್ಯಂಡ್ ಟೋಟಲ್’ ಪಟ್ಟಿಯಲ್ಲಿ ಹಳ್ಳಿಯ ಸಾಲಿನ ‘ಮೋರ್’ ಒತ್ತಿ, ಗ್ರೂಪ್ ಹೆಡರ್ ಇರುವಂತೆ ಮಾಡಿ. ಹೆಡರ್ ಅಥವಾ ಫುಟರ್ ಇಲ್ಲದೆ ಬರೀ ವಿಂಗಡಣೆ ಇದ್ದರೆ ಆಕ್ಸೆಸ್ ಅದನ್ನು ಗುಂಪೆಂದು ಎಣಿಸುವುದಿಲ್ಲ, ಆದ್ದರಿಂದ ಮೊತ್ತ ಸೊನ್ನೆಗೆ ಮರಳುವುದಿಲ್ಲ. ಹೆಡರ್ ಬಂದ ಮೇಲೆ ಹಳ್ಳಿಯ ಹೆಸರನ್ನು ಅಲ್ಲಿಗೆ ಸರಿಸಿದರೆ ಪಟ್ಟಿಯೂ ಚೆನ್ನಾಗಿ ಕಾಣುತ್ತದೆ.

ಹಳ್ಳಿಗಳಿಗೂ ಕ್ರಮ ಸಂಖ್ಯೆ ಬೇಕಿದ್ದರೆ ಆ ಹೆಡರ್‌ನಲ್ಲೇ =1 ಇರುವ ಮತ್ತೊಂದು ಬಾಕ್ಸ್ ಇಟ್ಟು ‘ಓವರ್ ಆಲ್’ ಕೊಡಿ. ಅದು 1ರಿಂದ 9ರವರೆಗೆ ಹೋಗುತ್ತದೆ.

ಗೋದಾಮು ನಿರ್ವಾಹಕಿ

ಇದನ್ನು ಓದುತ್ತಲೇ ನನ್ನ ದಾಸ್ತಾನು ವರದಿಯಲ್ಲಿ ಹಾಕಿ ನೋಡಿದೆ. ನನಗೆ ಪ್ರತಿ ಸಾಲಿನಲ್ಲೂ ‘ಎರರ್’ ಎಂದೇ ಬರುತ್ತಿದೆ. ಕೋಷ್ಟಕದಲ್ಲಿ ಆಗಲೇ ಇದ್ದ ‘ಕ್ರಮ’ ಎಂಬ ಅಂಕಣವನ್ನು ಎಳೆದು ತಂದು, ಅದರ ಕಂಟ್ರೋಲ್ ಸೋರ್ಸ್ ಅಳಿಸಿ, ಆ ಅಂಕಣಕ್ಕೆ ನೂರು ಕೂಡಿಸುವ ಸೂತ್ರ ಬರೆದಿದ್ದೇನೆ.

ತಂತ್ರಾಂಶ ಮೇಷ್ಟ್ರು

ಮೇಡಂ, ಅಂಕಣವನ್ನು ಎಳೆದು ತಂದಾಗ ಟೆಕ್ಸ್ಟ್ ಬಾಕ್ಸ್‌ಗೂ ಅದೇ ಹೆಸರು ಬಂದುಬಿಡುತ್ತದೆ. ಈಗ ‘ಕ್ರಮ’ ಎಂಬ ಬಾಕ್ಸ್ ತನ್ನ ಬೆಲೆಯನ್ನು ತಿಳಿಯಲು ‘ಕ್ರಮ’ವನ್ನೇ ಕೇಳುತ್ತಿದೆ, ಅಂದರೆ ತನ್ನನ್ನೇ. ಪ್ರಾಪರ್ಟಿ ಹಾಳೆಯ ‘ಅದರ್’ ವಿಭಾಗದಲ್ಲಿ ಬಾಕ್ಸ್‌ನ ಹೆಸರನ್ನು ಬೇರೆ ಮಾಡಿ, ಸರಿಹೋಗುತ್ತದೆ. ಸೂತ್ರ ಬರೆಯುವ ಯಾವ ಬಾಕ್ಸ್‌ಗೂ ಅಂಕಣದ ಹೆಸರು ಇರಬಾರದು.

ಕ್ವೆರಿಗಾರ

ಒಳ್ಳೆಯ ಪರಿಹಾರ. ಆದರೂ ಸಂಖ್ಯೆ ಕೊಡುವ ಕೆಲಸವನ್ನು ಕ್ವೆರಿಯಲ್ಲೇ, ಅಂದರೆ ಕೋಷ್ಟಕದಿಂದ ಮಾಹಿತಿ ಆಯ್ದು ತರುವ ಆದೇಶದಲ್ಲೇ, ಮಾಡಬೇಕು ಎನ್ನುವವನು ನಾನು. ಆಗ ಅದೇ ಸಂಖ್ಯೆ ವರದಿಯಲ್ಲೂ ಎಕ್ಸೆಲ್ ಕಡತದಲ್ಲೂ ಬರುತ್ತದೆ. ಇದಕ್ಕೆಂದೇ ಕ್ವೆರಿ ಬರೆಯುವ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ‘ರೋ ನಂಬರ್’ ಎಂಬ, ಸಾಲುಗಳಿಗೆ ಸಂಖ್ಯೆ ಹಚ್ಚುವ ವಿಂಡೋ ಫಂಕ್ಷನ್ ಇದೆ. ‘ಓವರ್’ ಎಂಬ ಆವರಣದೊಳಗೆ ‘ಪಾರ್ಟಿಷನ್ ಬೈ ಹಳ್ಳಿ’ ಎಂದರೆ ಪ್ರತಿ ಹಳ್ಳಿಗೂ ಒಂದರಿಂದ ಆರಂಭ, ‘ಆರ್ಡರ್ ಬೈ ಹೆಸರು’ ಎಂದರೆ ಹೆಸರಿನ ಕ್ರಮದಲ್ಲಿ ಎಣಿಕೆ. 2003ರ ಎಸ್‌ಕ್ಯುಎಲ್ ಮಾನದಂಡದಲ್ಲೇ ಸೇರಿದೆ. ಡೇಟಾಬೇಸ್ ತಂತ್ರಾಂಶಗಳ ಪೈಕಿ ಎಸ್‌ಕ್ಯುಎಲ್ ಸರ್ವರ್‌ನಲ್ಲಿ 2005ರ ಆವೃತ್ತಿಯಿಂದ, ಪೋಸ್ಟ್‌ಗ್ರೆಸ್‌ನಲ್ಲಿ 8.4ರಿಂದ, ಮರಿಯಾಡಿಬಿಯಲ್ಲಿ 10.2ರಿಂದ, ಮೈಎಸ್‌ಕ್ಯುಎಲ್‌ನಲ್ಲಿ 8.0ರಿಂದ, ಎಸ್‌ಕ್ಯುಲೈಟ್‌ನಲ್ಲಿ 3.25ರಿಂದ ಸಿಗುತ್ತದೆ.

ಹಳೆಯ ಮೈಎಸ್‌ಕ್ಯುಎಲ್‌ನಲ್ಲಿ ವೇರಿಯಬಲ್‌ಗೆ ಒಂದೊಂದೇ ಕೂಡಿಸುತ್ತ ಹೋಗುವ ರೂಢಿ ಇತ್ತು. ಅದು ಮೇಲಿನ ಫಾರ್ಮ್ಯಾಟ್ ಕೋಡಿನ ಕಾಯಿಲೆಯೇ: ಯಾವ ಸಾಲನ್ನು ಯಾವಾಗ ಮುಟ್ಟುತ್ತದೆ ಎಂಬುದರ ಮೇಲೆ ಸಂಖ್ಯೆ ನಿಂತಿರುತ್ತದೆ. ಒರಾಕಲ್‌ನ ‘ರೋನಮ್’ ಬಳಸುವವರೂ ಎಚ್ಚರ ವಹಿಸಬೇಕು. ಅದು ಆರ್ಡರ್ ಬೈ ನಡೆಯುವ ಮೊದಲೇ ಸಂಖ್ಯೆ ಹಚ್ಚುತ್ತದೆ. ವಿಂಗಡಣೆಯಾದ ಮೇಲೆ 7, 2, 31 ಎಂದು ಕಲೆಸಿಹೋಗಿರುತ್ತವೆ. ವಿಂಗಡಿಸಿದ ಕ್ವೆರಿಯನ್ನು ಒಳಗಿಟ್ಟು ಹೊರಗಿನಿಂದ ರೋನಮ್ ಕೇಳಬೇಕು.

ತಂತ್ರಾಂಶ ಮೇಷ್ಟ್ರು

ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರು ಇರುವುದು ಆಕ್ಸೆಸ್‌ನಲ್ಲಿ, ಅದರ ಸ್ವಂತ ಎಂಜಿನ್‌ಗೆ ರೋ ನಂಬರ್ ತಿಳಿಯದು. ಅಲ್ಲಿ ಜನ ‘ಡಿಕೌಂಟ್’ ಬಳಸುತ್ತಾರೆ: ನನ್ನ ಸದಸ್ಯತ್ವ ಸಂಖ್ಯೆಗಿಂತ ಚಿಕ್ಕದು ಅಥವಾ ಸಮ ಇರುವವರು ಎಷ್ಟು ಮಂದಿ ಎಂದು ಪ್ರತಿ ಸಾಲಿಗೂ ಕೇಳುವುದು. 412 ಸಾಲಿಗೆ ಪರವಾಗಿಲ್ಲ, ನಲವತ್ತು ಸಾವಿರಕ್ಕೆ ಕೂತು ಕಾಯಬೇಕು. ಜೊತೆಗೆ ಎರಡು ಅಪಾಯ. ಹೆಸರಿನ ಮೇಲೆ ಎಣಿಸಿದರೆ ಒಂದೇ ಹೆಸರಿನ ಇಬ್ಬರಿಗೆ ಒಂದೇ ಸಂಖ್ಯೆ ಬೀಳುತ್ತದೆ. ಮತ್ತು ವರದಿಗೆ ಫಿಲ್ಟರ್ ಹಾಕಿದ್ದರೂ ಡಿಕೌಂಟ್ ಇಡೀ ಕೋಷ್ಟಕವನ್ನೇ ಎಣಿಸುತ್ತದೆ. ಒಂದು ಹಳ್ಳಿಯನ್ನಷ್ಟೇ ಮುದ್ರಿಸಿದಾಗ ಪಟ್ಟಿ 58ರಿಂದ ಶುರುವಾಗಬಹುದು.

ಕ್ವೆರಿಗಾರ

ಒಂದೇ ಹೆಸರಿನ ಇಬ್ಬರ ವಿಷಯ ರೋ ನಂಬರ್‌ಗೂ ಅನ್ವಯಿಸುತ್ತದೆ, ಅದನ್ನು ಒತ್ತಿ ಹೇಳಬೇಕು. ಆರ್ಡರ್ ಬೈ ಹೆಸರು ಎಂದಷ್ಟೇ ಬರೆದರೆ, ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನವರು ಇಬ್ಬರಿದ್ದಾಗ ಯಾರು 14, ಯಾರು 15 ಎಂಬುದಕ್ಕೆ ನಿಯಮವೇ ಇಲ್ಲ. ಇಂದು ಹೀಗೆ ಬಂದದ್ದು ನಾಳೆ ಹಾಗೆ ಬರಬಹುದು. ಕೊನೆಯಲ್ಲಿ ಸದಸ್ಯತ್ವ ಸಂಖ್ಯೆಯಂಥ, ಎಂದೂ ಪುನರಾವರ್ತನೆಯಾಗದ ಅಂಕಣವನ್ನು ಸೇರಿಸಿಯೇ ತೀರಬೇಕು. ಆಕ್ಸೆಸ್ ವರದಿಯ ಸಾರ್ಟ್ ಪಟ್ಟಿಯಲ್ಲೂ ಅಷ್ಟೇ: ಹಳ್ಳಿ, ಹೆಸರು, ಆಮೇಲೆ ಸದಸ್ಯತ್ವ ಸಂಖ್ಯೆ.

ಲೆಕ್ಕದ ಮೇಜು

ಹಳ್ಳಿವಾರು ಸಂಖ್ಯೆ ಸರಿಬಂತು. ಕ್ವೆರಿಗಾರ ಅವರು ಹೇಳಿದ್ದು ಓದಿ ಹೆಸರಿನ ಕ್ರಮವನ್ನು ಪರಿಶೀಲಿಸಿದೆ. ಎರಡು ವಿಚಿತ್ರ ಕಂಡವು.

ಮೊದಲನೆಯದು, ಕ್ವೆರಿಯಲ್ಲಿ ಹೆಸರಿನ ಪ್ರಕಾರ ಆರ್ಡರ್ ಬೈ ಇದೆ, ಕ್ವೆರಿ ತೆರೆದರೆ ಸರಿಯಾಗಿಯೇ ಕಾಣುತ್ತದೆ, ವರದಿಯಲ್ಲಿ ಮಾತ್ರ ಬೇರೆ ಕ್ರಮ. ಎರಡನೆಯದು, ವರದಿಯಲ್ಲೇ ಹೆಸರಿಗೆ ಸಾರ್ಟ್ ಕೊಟ್ಟರೆ ಪ್ರತಿ ಹಳ್ಳಿಯಲ್ಲೂ ಪಟ್ಟಿ ಎರಡು ಸಲ ಆರಂಭವಾದಂತೆ ಕಾಣುತ್ತದೆ. ಮೊದಲು ಕೆಲವು ಹೆಸರುಗಳು ಯಾವ ಕ್ರಮವೂ ಇಲ್ಲದೆ, ಆಮೇಲೆ ಅ, ಆ, ಇ ಎಂದು ಉಳಿದವು ಸರಿಯಾಗಿ.

ತಂತ್ರಾಂಶ ಮೇಷ್ಟ್ರು

ಮೊದಲನೆಯದಕ್ಕೆ ಉತ್ತರ ಸುಲಭ. ವರದಿಯಲ್ಲಿ ಗುಂಪು ಅಥವಾ ವಿಂಗಡಣೆ ಕೊಟ್ಟ ಮೇಲೆ ಆಕ್ಸೆಸ್ ಅದನ್ನೇ ಪಾಲಿಸುತ್ತದೆ. ಕ್ವೆರಿಯ ಆರ್ಡರ್ ಬೈ ಮೇಲೆ ಭರವಸೆ ಇಡುವಂತಿಲ್ಲ. ಏನೇ ಕ್ರಮ ಬೇಕಿದ್ದರೂ ವರದಿಯ ಸಾರ್ಟ್ ಪಟ್ಟಿಯಲ್ಲಿ ಹೇಳಿ. ಎರಡನೆಯದನ್ನು ಲಿಪಿಯ ವಿಷಯ ಬಲ್ಲವರು ಹೇಳಲಿ.

ಅಕ್ಷರಪ್ರೀತಿ

ಎರಡನೆಯದು ನಮ್ಮ ಕನ್ನಡದ ಕಚೇರಿಗಳಿಗೆಲ್ಲ ಬಂದಿರುವ ತೊಂದರೆ. ಒಂದು ಪರೀಕ್ಷೆ ಮಾಡಿ. ಹೆಸರಿನ ಟೆಕ್ಸ್ಟ್ ಬಾಕ್ಸ್‌ನ ಫಾಂಟ್ ಏನಿದೆ ನೋಡಿ, ಅದನ್ನು ತಾತ್ಕಾಲಿಕವಾಗಿ ‘ನಿರ್ಮಲ ಯುಐ’ಗೆ ಬದಲಿಸಿ. ಮೊದಲ ಗುಂಪಿನ ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬದಲಾದರೆ ಕಾರಣ ಸಿಕ್ಕಿತು.

ಲೆಕ್ಕದ ಮೇಜು

ಹೌದು! ಫಾಂಟ್ ಹಳೆಯ ‘ನುಡಿ’ ಎಂಬ ಕನ್ನಡ ತಂತ್ರಾಂಶದ್ದು. ಬದಲಿಸಿದ ಕೂಡಲೇ ಅರ್ಧದಷ್ಟು ಹೆಸರುಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಾದವು. ಉಳಿದವು ಕನ್ನಡದಲ್ಲೇ ಇವೆ.

ಅಕ್ಷರಪ್ರೀತಿ

ಹಾಗಾದರೆ ಒಂದೇ ಅಂಕಣದಲ್ಲಿ ಎರಡು ಬಗೆಯ ಕನ್ನಡ ಇದೆ. ಹಳೆಯ ನಮೂದುಗಳನ್ನು ಯುನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಸಂಖ್ಯೆ ಕೊಡುವ ಪದ್ಧತಿ) ಅಲ್ಲದ ಫಾಂಟ್‌ನಲ್ಲಿ ಮಾಡಿದ್ದಾರೆ. ಅಲ್ಲಿ ಕೋಷ್ಟಕದೊಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟ್ ಅದರ ಮೇಲೆ ಕನ್ನಡದ ಆಕಾರವನ್ನು ತೊಡಿಸುತ್ತದೆ. ಈಚಿನವು ನಿಜವಾದ ಯುನಿಕೋಡ್ ಕನ್ನಡ. ಆ ಹಳೆಯ ಫಾಂಟ್‌ನಲ್ಲಿ ಯುನಿಕೋಡ್ ಅಕ್ಷರಗಳು ಇಲ್ಲದಿರುವುದರಿಂದ ವಿಂಡೋಸ್ ಬೇರೆ ಕನ್ನಡ ಫಾಂಟ್ ತಂದು ತೋರಿಸುತ್ತದೆ. ಕಾಗದದ ಮೇಲೆ ಎರಡೂ ಕನ್ನಡವೇ, ಅಕ್ಷರದ ಮೈಕಟ್ಟು ಮಾತ್ರ ಒಂದಿಷ್ಟು ಬೇರೆ. ವಿಂಗಡಿಸುವಾಗ ಯಂತ್ರ ನೋಡುವುದು ಸಂಕೇತವನ್ನು. ಇಂಗ್ಲಿಷ್ ಸಂಕೇತಗಳು ಮೊದಲು, ಕನ್ನಡ ಆಮೇಲೆ. ಮೊದಲ ಗುಂಪು ಕ್ರಮವಿಲ್ಲದಂತೆ ಕಾಣುವುದು, ಅಲ್ಲಿ ಯಾವ ಕನ್ನಡ ಅಕ್ಷರವನ್ನು ಯಾವ ಇಂಗ್ಲಿಷ್ ಕೀಲಿಯ ಮೇಲೆ ಕೂರಿಸಿದ್ದಾರೆ ಎಂಬುದು ವರ್ಣಮಾಲೆಯನ್ನು ಅನುಸರಿಸದಿರುವುದರಿಂದ.

ಯಾವ ಯಾವ ಸಾಲು ಹಳೆಯವು ಎಂದು ಕಣ್ಣಿಂದ ಹುಡುಕಬೇಡಿ. ಯುನಿಕೋಡ್‌ನಲ್ಲಿ ಕನ್ನಡದ ಸಂಕೇತಗಳು 3200ರಿಂದ 3327ರವರೆಗೆ ಇವೆ. ಹೆಸರಿನ ಮೊದಲ ಅಕ್ಷರಕ್ಕೆ, ಅಕ್ಷರದ ಸಂಕೇತ ಸಂಖ್ಯೆ ಕೊಡುವ ‘ಎಎಸ್‌ಸಿಡಬ್ಲ್ಯೂ’ ಫಂಕ್ಷನ್ ಹಚ್ಚಿ, ಬೆಲೆ ಈ ವ್ಯಾಪ್ತಿಯ ಹೊರಗಿರುವ ಸಾಲುಗಳನ್ನು ಒಂದು ಕ್ವೆರಿಯಲ್ಲಿ ತೆಗೆಯಿರಿ. ಸದಸ್ಯತ್ವ ಸಂಖ್ಯೆಯೊಂದಿಗೆ ಆ ಹೆಸರುಗಳನ್ನು ಹೊರತೆಗೆದು, ಹೆಸರಿನ ಅಂಕಣವನ್ನು ಮಾತ್ರ ನುಡಿಯ ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಿಸಿ, ಸದಸ್ಯತ್ವ ಸಂಖ್ಯೆಯ ಆಧಾರದ ಮೇಲೆ ಮತ್ತೆ ಸೇರಿಸಿ. ಅದಕ್ಕೂ ಮೊದಲು ಇಡೀ ಕಡತದ ಪ್ರತಿಯೊಂದನ್ನು ಬೇರೆ ಕಡೆ ಇಟ್ಟುಕೊಳ್ಳಿ. ಪರಿವರ್ತನೆಯಾದ ಮೇಲೆ ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಹೆಸರುಗಳನ್ನು ಒಂದೊಂದಾಗಿ ಓದಿ ನೋಡಿ. ಸದಸ್ಯರ ಹೆಸರು ಕೆಡಬಾರದು.

ಇನ್ನೊಂದು ಸೂಕ್ಷ್ಮ. ನಾವು ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ದ ನಂತರ, ಕೊನೆಯಲ್ಲಿ. ಯುನಿಕೋಡ್ ಸಂಕೇತಗಳ ಸಾಲಿನಲ್ಲಿ ಅದು ‘ಲ’ದ ಬೆನ್ನಿಗೇ ಇದೆ. ಬರೀ ಸಂಕೇತ ನೋಡಿ ವಿಂಗಡಿಸುವ ತಂತ್ರಾಂಶದಲ್ಲಿ ಮಳವಳ್ಳಿ ಮೊದಲು ಬಂದು ಮಹದೇವಪುರ ಆಮೇಲೆ ಬರುತ್ತದೆ. ನಿಘಂಟಿನ ಕ್ರಮದಲ್ಲಿ ಅದು ತಿರುವುಮುರುವು. ನಿಮ್ಮ ಡೇಟಾಬೇಸ್ ಯಾವುದನ್ನು ಪಾಲಿಸುತ್ತದೆ ಎಂದು ತಿಳಿಯಲು ಈ ಎರಡು ಹೆಸರುಗಳನ್ನು ಹಾಕಿ ವಿಂಗಡಿಸಿ ನೋಡಿದರೆ ಸಾಕು.

ಲೆಕ್ಕದ ಮೇಜು

ಇಷ್ಟು ವಿವರವಾಗಿ ತಿಳಿಸಿಕೊಟ್ಟಿದ್ದಕ್ಕೆ ಕೃತಜ್ಞತೆಗಳು. ಪರಿವರ್ತನೆ ಆರಂಭಿಸಿದ್ದೇನೆ. ಸದಸ್ಯತ್ವ ಸಂಖ್ಯೆಯ ಪ್ರಕಾರ ಒಂದು ಪ್ರತಿ ತೆಗೆದು ನೋಡಿದಾಗ 1, 10, 100, 101, 11 ಎಂದು ಬರುತ್ತಿದೆ. ಇದಕ್ಕೂ ಇದೇ ಕಾರಣವೇ?

ಕ್ವೆರಿಗಾರ

ಅಲ್ಲ, ಇದು ಬೇರೆ. ಆ ಅಂಕಣದ ಬಗೆ ‘ಟೆಕ್ಸ್ಟ್’ ಆಗಿದೆ, ಅದಕ್ಕೇ ಅಕ್ಷರದಂತೆ ಹೋಲಿಸುತ್ತಿದೆ. ಎಲ್ಲವೂ ಅಂಕಿಗಳೇ ಆಗಿದ್ದರೆ ಬಗೆಯನ್ನು ‘ನಂಬರ್’ ಮಾಡಿ. ಕೆಲವಕ್ಕೆ ಹಿಂದೆ ಮುಂದೆ ಅಕ್ಷರ ಸೇರಿದ್ದರೆ ವರದಿಯ ಸಾರ್ಟ್ ಪಟ್ಟಿಯಲ್ಲಿ ಅಂಕಣದ ಬದಲು, ಪಠ್ಯದ ಆರಂಭದ ಅಂಕಿಗಳನ್ನು ಸಂಖ್ಯೆಯಾಗಿಸುವ ‘ವ್ಯಾಲ್’ ಫಂಕ್ಷನ್ ಇರುವ ಸೂತ್ರ ಕೊಡಬಹುದು, ಆದರೆ ಅಂಕಿ ಮೊದಲು ಬರುವಂತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಖಾಲಿ ಇರುವ ಸಾಲಿಗೆ ವ್ಯಾಲ್ ತಕರಾರು ಮಾಡುತ್ತದೆ. ಅಂಕಣದ ಜೊತೆ ಖಾಲಿ ಪಠ್ಯವೊಂದನ್ನು ಜೋಡಿಸಿ ಕೊಡಿ.

ಸಹಕಾರಿ ನಿವೃತ್ತ

ಚರ್ಚೆಯನ್ನು ಮೊದಲಿನಿಂದ ಓದಿದೆ. ತಾಂತ್ರಿಕ ವಿಷಯ ನಿಮಗೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಆದರೆ ಒಂದು ಮಾತಿಗೆ ನನ್ನ ವಿರೋಧವಿದೆ. ಇಲ್ಲಿ ಎಲ್ಲರೂ ಕ್ರಮ ಸಂಖ್ಯೆಯನ್ನು ವರದಿ ತೆರೆದಾಗಲೆಲ್ಲ ಹೊಸದಾಗಿ ಹುಟ್ಟಿಸಿ ಎನ್ನುತ್ತಿದ್ದೀರಿ. ಸಾಮಾನ್ಯ ಪಟ್ಟಿಗೆ ಅದು ಸರಿ. ಚುನಾವಣೆಗೆ ಮುನ್ನ ಮತದಾರರ ಕರಡು ಪಟ್ಟಿ ಪ್ರಕಟಿಸಿದಾಗ ಏನಾಗುತ್ತದೆ? ಸದಸ್ಯರು ‘ಕ್ರಮ ಸಂಖ್ಯೆ 137ರಲ್ಲಿ ನನ್ನ ತಂದೆಯ ಹೆಸರು ತಪ್ಪಾಗಿದೆ’ ಎಂದು ಲಿಖಿತ ಆಕ್ಷೇಪಣೆ ಕೊಡುತ್ತಾರೆ. ಅಷ್ಟರಲ್ಲಿ ಮೇಲಿನ ಒಬ್ಬ ಸದಸ್ಯರ ಹೆಸರು ತೆಗೆದುಹಾಕಿದ್ದರೆ, ಮರುದಿನ ಮುದ್ರಿಸಿದ ಪ್ರತಿಯಲ್ಲಿ 137ರಲ್ಲಿ ಬೇರೊಬ್ಬರಿರುತ್ತಾರೆ. ನಡಾವಳಿಯಲ್ಲಿ 137 ಎಂದು ದಾಖಲಾಗಿರುತ್ತದೆ. ಇದರಿಂದ ಜಗಳಗಳೇ ಆಗುತ್ತವೆ. ಕ್ರಮ ಸಂಖ್ಯೆಯನ್ನು ಕೋಷ್ಟಕದಲ್ಲೇ ಉಳಿಸಬೇಕು.

ಗೋದಾಮು ನಿರ್ವಾಹಕಿ

ಅದಕ್ಕೆ ಆಟೋ ನಂಬರ್ ಇದೆಯಲ್ಲ? ಅದು ಕೋಷ್ಟಕದಲ್ಲೇ ಇರುತ್ತದೆ, ಬದಲಾಗುವುದೂ ಇಲ್ಲ.

ತಂತ್ರಾಂಶ ಮೇಷ್ಟ್ರು

ಆಟೋ ನಂಬರ್ ಆ ಕೆಲಸಕ್ಕೆ ಇರುವುದಲ್ಲ, ಮೇಡಂ. ಹೊಸ ದಾಖಲೆ ಬರೆಯಲು ಆರಂಭಿಸಿ ಎಸ್ಕೇಪ್ ಒತ್ತಿ ಬಿಟ್ಟುಬಿಟ್ಟರೂ ಒಂದು ಸಂಖ್ಯೆ ಖರ್ಚಾಗುತ್ತದೆ. ಅಳಿಸಿದ ದಾಖಲೆಯ ಸಂಖ್ಯೆ ಮತ್ತೆ ತುಂಬುವುದಿಲ್ಲ. ‘ಕಾಂಪ್ಯಾಕ್ಟ್ ಆ್ಯಂಡ್ ರಿಪೇರ್’ ಮಾಡಿದರೂ ಇರುವ ಸಂಖ್ಯೆಗಳು ಸರಿದು ಕೂರುವುದಿಲ್ಲ. ಮತ್ತು ಅದು ನಮೂದಾದ ಕ್ರಮ, ಹಳ್ಳಿಯ ಕ್ರಮವಲ್ಲ, ಹೆಸರಿನ ಕ್ರಮವೂ ಅಲ್ಲ. ಎರಡು ದಾಖಲೆಗಳು ಬೇರೆ ಬೇರೆ ಎಂದು ಗುರುತಿಸುವುದಷ್ಟೇ ಅದರ ಹೊಣೆ.

ನಿವೃತ್ತರು ಎತ್ತಿದ ಪ್ರಶ್ನೆ ಮಾತ್ರ ಬಹಳ ತೂಕದ್ದು. ನಾನು ಅದನ್ನು ಹೀಗೆ ಬಿಡಿಸುತ್ತೇನೆ. ಸದಸ್ಯರ ಮೂಲ ಕೋಷ್ಟಕದಲ್ಲಿ ಕ್ರಮ ಸಂಖ್ಯೆ ಇರಬಾರದು. ಅಲ್ಲಿಟ್ಟರೆ ಒಬ್ಬರು ಸೇರಿದಾಗಲೆಲ್ಲ ನೂರಾರು ಸಾಲು ತಿದ್ದಬೇಕಾಗುತ್ತದೆ. ಆದರೆ ಪಟ್ಟಿ ಪ್ರಕಟವಾದ ಗಳಿಗೆಯಿಂದ ಅದು ಒಂದು ದಾಖಲೆ. ಆ ದಿನ ‘ಪ್ರಕಟಿತ ಪಟ್ಟಿ’ ಎಂಬ ಬೇರೆ ಕೋಷ್ಟಕ ಮಾಡಿ: ಪ್ರಕಟಣೆಯ ದಿನಾಂಕ, ಕರಡೋ ಅಂತಿಮವೋ, ಕ್ರಮ ಸಂಖ್ಯೆ, ಸದಸ್ಯತ್ವ ಸಂಖ್ಯೆ, ಅಂದು ಮುದ್ರಿತವಾದ ಹೆಸರು. ಹಳ್ಳಿ, ಹೆಸರು, ಸದಸ್ಯತ್ವ ಸಂಖ್ಯೆ ಎಂದು ವಿಂಗಡಿಸಿದ ರೆಕಾರ್ಡ್‌ಸೆಟ್ (ಕೋಡಿನಿಂದ ಓದುವ ಸಾಲುಗಳ ಗುಚ್ಛ) ತೆರೆದು, ಒಂದೊಂದೇ ಸಾಲಿಗೆ 1, 2, 3 ಎಂದು ಬರೆಯುತ್ತ ಹೋಗುವ ಪುಟ್ಟ ಲೂಪ್ ಸಾಕು. ಇಲ್ಲಿ ವೇರಿಯಬಲ್ ಬಳಸಿದರೆ ತೊಂದರೆ ಇಲ್ಲ, ಏಕೆಂದರೆ ಲೂಪ್ ಪ್ರತಿ ಸಾಲನ್ನೂ ಒಂದೇ ಒಂದು ಸಲ ಮುಟ್ಟುತ್ತದೆ. ಆಮೇಲೆ ವರದಿಯನ್ನು ಈ ಕೋಷ್ಟಕದಿಂದಲೇ ಮುದ್ರಿಸಬೇಕು. ಅಲ್ಲಿ ರನ್ನಿಂಗ್ ಸಮ್ ಬೇಡ.

ಸಹಕಾರಿ ನಿವೃತ್ತ

ಇದು ಒಪ್ಪತಕ್ಕ ಮಾತು. ಒಂದು ಸೇರ್ಪಡೆ: ಪ್ರಕಟವಾದ ಮೇಲೆ ಯಾರ ಹೆಸರನ್ನಾದರೂ ತೆಗೆಯಬೇಕಾದರೆ ಆ ಸಾಲನ್ನು ಅಳಿಸಬೇಡಿ. ಸಂಖ್ಯೆ ಅಲ್ಲೇ ಇರಲಿ, ಮುಂದೆ ‘ತೆಗೆದುಹಾಕಲಾಗಿದೆ’ ಎಂದು ನಮೂದಿಸಿ. ಹೊಸದಾಗಿ ಸೇರಿದವರನ್ನು ಪೂರಕ ಪಟ್ಟಿಯಾಗಿ ಕೊನೆಯ ಸಂಖ್ಯೆಯ ನಂತರ ಮುಂದುವರಿಸಿ. ವಿಧಾನಸಭೆ, ಲೋಕಸಭೆಗಳ ಮತದಾರರ ಪಟ್ಟಿಯಲ್ಲೂ ಪೂರಕ ಪಟ್ಟಿಯ ಪದ್ಧತಿ ಇದೆ, ಜನರಿಗೆ ಅದು ಅಭ್ಯಾಸವಾಗಿದೆ. ಅಂತಿಮ ಪಟ್ಟಿಗೆ ಮಾತ್ರ ಹೊಸ ಸಂಖ್ಯೆ ಕೊಡಿ, ಪಕ್ಕದಲ್ಲಿ ಕರಡಿನ ಹಳೆಯ ಸಂಖ್ಯೆಯೂ ಇರಲಿ.

ಮುಕ್ತ ತಂತ್ರಾಂಶ

ಲಿಬ್ರೆ ಆಫೀಸ್ ಬೇಸ್ ಎಂಬ ಡೇಟಾಬೇಸ್ ತಂತ್ರಾಂಶ ಬಳಸುವವರಿಗಾಗಿ ಎರಡು ಮಾತು. ಅಲ್ಲಿನ ರಿಪೋರ್ಟ್ ಬಿಲ್ಡರ್‌ನಲ್ಲಿ ಟೆಕ್ಸ್ಟ್ ಬಾಕ್ಸ್‌ನ ಡೇಟಾ ವಿಭಾಗಕ್ಕೆ ಹೋಗಿ ‘ಡೇಟಾ ಫೀಲ್ಡ್ ಟೈಪ್’ ಎಂಬಲ್ಲಿ ‘ಕೌಂಟರ್’ ಆರಿಸಿದರೆ ಸಾಲು ಸಂಖ್ಯೆ ಬರುತ್ತದೆ. ‘ಸ್ಕೋಪ್’ನಲ್ಲಿ ಇಡೀ ವರದಿಯೋ ಒಂದು ಗುಂಪೋ ಎಂದು ಹೇಳಬಹುದು. ಬೇಸ್ ಜೊತೆಗೇ ಬರುವ ಹಳೆಯ ಎಚ್‌ಎಸ್‌ಕ್ಯುಎಲ್‌ಡಿಬಿ 1.8 ಎಂಬ ಎಂಜಿನ್‌ನಲ್ಲಿ ರೋ ನಂಬರ್ ಇಲ್ಲ, ಹುಡುಕಿ ದಣಿಯಬೇಡಿ.

ಕ್ವೆರಿಗಾರ

ಕ್ರಿಸ್ಟಲ್ ರಿಪೋರ್ಟ್ಸ್ ಎಂಬ ವರದಿ ತಂತ್ರಾಂಶ ಬಳಸುವವರೂ ಇಲ್ಲಿ ಬರಬಹುದು ಎಂದು ಬರೆದಿಡುತ್ತೇನೆ: ‘ರೆಕಾರ್ಡ್ ನಂಬರ್’ ಎಂಬ ಸಿದ್ಧ ಫೀಲ್ಡ್, ನೀವು ‘ಸಪ್ರೆಸ್’ ಮಾಡಿ ಮರೆಮಾಡಿದ ಸಾಲುಗಳನ್ನೂ ಎಣಿಸುತ್ತದೆ. ಮುದ್ರಿತ ಪಟ್ಟಿಯಲ್ಲಿ ಸಂಖ್ಯೆ ತಪ್ಪಿಹೋಗಿದ್ದರೆ ಮೊದಲು ಅದನ್ನು ನೋಡಿ. ರನ್ನಿಂಗ್ ಟೋಟಲ್ ಫೀಲ್ಡ್ ಮಾಡಿ, ಯಾವ ಸಾಲು ಎಣಿಸಬೇಕು ಎಂದು ಷರತ್ತು ಕೊಡಿ. ಜಾಸ್ಪರ್ ಎಂಬ ಇನ್ನೊಂದು ವರದಿ ತಂತ್ರಾಂಶದಲ್ಲಿ ‘ರಿಪೋರ್ಟ್ ಕೌಂಟ್’ ಎಂಬ ಸಿದ್ಧ ವೇರಿಯಬಲ್ ಇದೆ, ಪ್ರತಿ ಗುಂಪಿಗೂ ಅದರದೇ ಕೌಂಟ್ ಇರುತ್ತದೆ.

ಲೆಕ್ಕದ ಮೇಜು

ಹೆಸರುಗಳೆಲ್ಲ ಯುನಿಕೋಡ್ ಆದವು, ವಿಂಗಡಣೆ ಸರಿಹೋಯಿತು. ಮೇಷ್ಟ್ರು ಹೇಳಿದ ಪ್ರಕಟಿತ ಪಟ್ಟಿಯ ಕೋಷ್ಟಕವನ್ನೂ ಮಾಡಿಟ್ಟಿದ್ದೇನೆ. ಕಾರ್ಯದರ್ಶಿಗಳು ಓದಿ ಸಂತೋಷಪಟ್ಟರು.

ಇನ್ನೆರಡು ಬೇಡಿಕೆ ಇವೆ. ಕ್ರಮ ಸಂಖ್ಯೆ ಕನ್ನಡ ಅಂಕಿಯಲ್ಲಿ ಬರಬೇಕು. ಮತ್ತು ಪ್ರತಿ ಪುಟದಲ್ಲಿ ಸರಿಯಾಗಿ 25 ಸಾಲು ಇರಬೇಕು, ಪುಟವಾರು ಸಹಿ ಮಾಡಲು ಅನುಕೂಲ. ಕನ್ನಡ ಅಂಕಿಯನ್ನು ವಿಬಿಎ (ಆಕ್ಸೆಸ್‌ನೊಳಗೆ ಕೋಡ್ ಬರೆಯುವ ಭಾಷೆ) ಕೋಡಿನಲ್ಲಿ ನೇರವಾಗಿ ಬರೆಯಲು ಹೋದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತಿವೆ.

ಅಕ್ಷರಪ್ರೀತಿ

ವಿಬಿಎ ಸಂಪಾದಕದಲ್ಲಿ ಯುನಿಕೋಡ್ ಕನ್ನಡ ಬರೆಯಲಾಗದು, ಆದ್ದರಿಂದ ಸಂಕೇತದ ಮೂಲಕ ಹೋಗಬೇಕು. ಕನ್ನಡದ ೦ ಅಂಕಿಯ ಸಂಕೇತ 3302, ೯ರದು 3311. ಒಂದು ಪಬ್ಲಿಕ್ ಫಂಕ್ಷನ್ ಬರೆಯಿರಿ: ಬಂದ ಸಂಖ್ಯೆಯನ್ನು ಪಠ್ಯವಾಗಿ ಬದಲಿಸಿ, ಒಂದೊಂದೇ ಅಂಕಿಯನ್ನು ತೆಗೆದುಕೊಂಡು, 3302ಕ್ಕೆ ಆ ಅಂಕಿ ಕೂಡಿಸಿ, ಸಂಕೇತದಿಂದ ಅಕ್ಷರ ಕೊಡುವ ‘ಸಿಎಚ್‌ಆರ್‌ಡಬ್ಲ್ಯೂ’ಗೆ ಕೊಟ್ಟು, ಬಂದ ಅಕ್ಷರಗಳನ್ನು ಜೋಡಿಸುತ್ತ ಹೋಗಬೇಕು. 137 ಕೊಟ್ಟರೆ 3303, 3305, 3309, ಹೊರಬರುವುದು ೧೩೭.

ಇದನ್ನು ರನ್ನಿಂಗ್ ಸಮ್ ಇರುವ ಬಾಕ್ಸ್‌ನಲ್ಲೇ ಹಾಕಬೇಡಿ, ಅಲ್ಲಿ ಬೆಲೆ ಸಂಖ್ಯೆಯಾಗಿಯೇ ಉಳಿಯಬೇಕು. ಆ ಬಾಕ್ಸ್‌ನ ‘ವಿಸಿಬಲ್’ ಅನ್ನು ‘ನೋ’ ಮಾಡಿ ಮರೆಯಲ್ಲಿಡಿ. ಪಕ್ಕದಲ್ಲಿ ಇನ್ನೊಂದು ಬಾಕ್ಸ್ ಇಟ್ಟು, ಅದರ ಕಂಟ್ರೋಲ್ ಸೋರ್ಸ್‌ನಲ್ಲಿ ನಿಮ್ಮ ಫಂಕ್ಷನ್‌ಗೆ ಮರೆಯ ಬಾಕ್ಸ್‌ನ ಹೆಸರು ಕೊಡಿ. ಅಂಕಿಯ ಬದಲು ಚೌಕ ಕಂಡರೆ ಫಾಂಟ್ ಅನ್ನು ನಿರ್ಮಲ ಯುಐಗೆ ಬದಲಿಸಿ.

ತಂತ್ರಾಂಶ ಮೇಷ್ಟ್ರು

25 ಸಾಲಿಗೂ ಅದೇ ಮರೆಯ ಬಾಕ್ಸ್ ಉಪಯೋಗಕ್ಕೆ ಬರುತ್ತದೆ. ಡೀಟೇಲ್ ಭಾಗದ ತಳದಲ್ಲಿ ‘ಪೇಜ್ ಬ್ರೇಕ್’ ಕಂಟ್ರೋಲ್ ಒಂದನ್ನು ಇಡಿ. ಆನ್ ಫಾರ್ಮ್ಯಾಟ್‌ನಲ್ಲಿ ಒಂದೇ ಸಾಲು: ಇಡೀ ವರದಿಗೆ ಓಡುವ ಕ್ರಮ ಸಂಖ್ಯೆಯನ್ನು 25ರಿಂದ ಭಾಗಿಸಿದಾಗ ಶೇಷ ಸೊನ್ನೆಯಾದರೆ ಪೇಜ್ ಬ್ರೇಕ್ ಕಾಣಲಿ, ಇಲ್ಲದಿದ್ದರೆ ಮರೆಯಾಗಲಿ. ಇಲ್ಲಿ ಫಾರ್ಮ್ಯಾಟ್ ಎರಡು ಸಲ ನಡೆದರೂ ಕೆಡುವುದಿಲ್ಲ. ನಾವು ಏನನ್ನೂ ಎಣಿಸುತ್ತಿಲ್ಲ, ಇರುವ ಸಂಖ್ಯೆಯನ್ನು ನೋಡಿ ತೀರ್ಮಾನಿಸುತ್ತಿದ್ದೇವೆ ಅಷ್ಟೇ. ಹಳ್ಳಿಯ ಹೆಡರ್‌ಗಳೂ ಜಾಗ ತಿನ್ನುವುದರಿಂದ 25 ಸಾಲು ಮತ್ತು ಮೂರು ನಾಲ್ಕು ಹೆಡರ್ ಹಿಡಿಯುವಷ್ಟು ಸಾಲಿನ ಎತ್ತರವನ್ನು ಕಡಿಮೆ ಮಾಡಿಕೊಳ್ಳಿ, ವಿಳಾಸದ ಬಾಕ್ಸ್‌ನ ‘ಕ್ಯಾನ್ ಗ್ರೋ’ (ಪಠ್ಯ ಉದ್ದವಾದರೆ ಬಾಕ್ಸ್‌ನ ಎತ್ತರ ಬೆಳೆಯುವ ಗುಣ) ತೆಗೆಯಿರಿ.

ಸದಸ್ಯರ ಸಂಖ್ಯೆ ಮುಂದೊಮ್ಮೆ 425 ಆದರೆ ಕೊನೆಯ ಸಾಲಿನ ನಂತರವೂ ಪುಟ ಮುರಿದು, ಒಟ್ಟು ಮೊತ್ತವಿರುವ ಫುಟರ್ ಒಂಟಿಯಾಗಿ ಬೇರೆ ಪುಟಕ್ಕೆ ಹೋಗುತ್ತದೆ. ವರದಿಯ ಹೆಡರ್‌ನಲ್ಲಿ ಒಟ್ಟು ಸಾಲುಗಳನ್ನು ಎಣಿಸುವ ‘ಕೌಂಟ್’ ಬಾಕ್ಸ್ ಒಂದನ್ನು ಮರೆಯಲ್ಲಿಟ್ಟು, ‘ಕ್ರಮ ಸಂಖ್ಯೆ ಆ ಒಟ್ಟಿಗಿಂತ ಕಡಿಮೆ ಇದ್ದಾಗ ಮಾತ್ರ’ ಎಂಬ ಷರತ್ತನ್ನೂ ಈಗಲೇ ಸೇರಿಸಿಬಿಡಿ.